ಲ್ಯಾಪ್‌ಟಾಪಿನೊಳಗೆ ಸಿಕ್ಕ ಬಾವಿ

ಕುರುಬರಹಳ್ಳಿ, ಭಾನುವಾರ

ನಿವಾಸಿಗಳ ಸಂಘದ ಅಧ್ಯಕ್ಷರಾದ ಭೈರೇಶ್ ಅವರಿಗೆ ನಮಸ್ಕಾರ.

ಸಂಘದ ಹಳೆಯ ಫೈಲುಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು, "ಬರೀ ಗೀಚು ಮೇಡಂ, ಗುಜರಿಗೆ ಹಾಕಿ" ಎಂದು ನಕ್ಕಿರಿ. ೧೯೯೯ರಲ್ಲಿ ಮನೆಮನೆಗೆ ಹೋಗಿ, ಊರು ಮೊದಲು ಹೇಗಿತ್ತೆಂದು ಹಿರಿಯರನ್ನು ಕೇಳಿ, ಅವರ ಮಾತನ್ನು ಆ ಫೈಲುಗಳಲ್ಲಿ ಟೈಪ್ ಮಾಡಿದವಳು ನಾನು. ನನಗೆ ನಗು ಬರಲಿಲ್ಲ.

ಆ ಕಾಲದ ಕನ್ನಡ ಸಾಫ್ಟ್‌ವೇರ್ ಈಗಿನ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಅದಕ್ಕೆ ನನ್ನ ಲ್ಯಾಪ್‌ಟಾಪಿನೊಳಗೇ ಹಳೆಯ ಕಂಪ್ಯೂಟರಿನಂತೆ ನಟಿಸುವ ವರ್ಚುವಲ್ ಮಷೀನ್ ಮಾಡಿ, ಹಳೆಯ ಆಪರೇಟಿಂಗ್ ಸಿಸ್ಟಂ, ಆ ಕನ್ನಡ ಸಾಫ್ಟ್‌ವೇರ್ ಎರಡನ್ನೂ ಹಾಕಿದೆ. ಹಗುರಾಗಲೆಂದು ಅದರೊಳಗಿನ ಆಟ, ಹಾಡು, ಪ್ರಿಂಟರಿನ ಸಾಫ್ಟ್‌ವೇರ್ ಎಲ್ಲ ಕಿತ್ತೆ. ಹುಮ್ಮಸ್ಸಿನಲ್ಲಿ ಕನ್ನಡ ಫಾಂಟನ್ನೂ ಕಿತ್ತಿದ್ದೆ. ತೆರೆದರೆ ಅದೇ ಗೀಚು! ಪಕ್ಕದ ಮನೆಯ ಚೈತ್ರ, "ಆಂಟಿ, ಡಯಟ್ ಜಾಸ್ತಿ ಆಯ್ತು" ಎಂದಳು. ಫಾಂಟ್ ವಾಪಸ್ ಹಾಕಿದೆ, ಅಕ್ಷರ ಮೂಡಿತು.

ಮೊದಲು ಕಂಡದ್ದು ತೀರಿಹೋದ ನಿಮ್ಮ ಅಜ್ಜಿ ಪಾಪಮ್ಮನವರ ಮಾತು: "ಪಾರ್ಕಲ್ಲಿ ಅರಳಿಮರದ ಹಿಂದೆ ನಮ್ ಸಿಹಿನೀರ್ ಬಾವಿ ಐತೆ. ಚಪ್ಪಡಿ ಮುಚ್ಚವ್ರೆ, ಮಣ್ಣು ತುಂಬ್ಸಿಲ್ಲ."

ನಾಳೆ ನೀವು ಜಿಮ್‌ಗೆಂದು ಕಾಂಕ್ರೀಟ್ ಸುರಿಸುವುದು ಅಲ್ಲಿಯೇ. ಬೇಸಿಗೆಯಿಡೀ ಟ್ಯಾಂಕರಿಗೆ ಕಾದವರು ಬಾವಿಯ ಮೇಲೆ ನಿಂತು ಬಸ್ಕಿ ಹೊಡೆಯಬೇಕೇ?

ದಯವಿಟ್ಟು ಒಂದು ದಿನ ಕೆಲಸ ನಿಲ್ಲಿಸಿ. ನಾಳೆ ಬೆಳಿಗ್ಗೆ ಎಂಟಕ್ಕೆ ಇಬ್ಬರು ಆಳು, ಹಾರೆ, ಉದ್ದನೆಯ ಹಗ್ಗದೊಂದಿಗೆ ಬನ್ನಿ. ನೀರಿದೆಯೋ ಇಲ್ಲವೋ ನನಗೂ ಗೊತ್ತಿಲ್ಲ, ನೋಡುವ ಆಸೆ ತಡೆಯಲಾಗುತ್ತಿಲ್ಲ. ಮೊದಲ ಹಾರೆ ಮಾತ್ರ ನೀವೇ ಹಾಕಬೇಕು.

ಇಂತಿ,
ಲತಾ, ಮೂರನೇ ಅಡ್ಡರಸ್ತೆ