ಹತ್ತಕ್ಕೆ ಹತ್ತು

ಭಾನುವಾರ, ಮಧ್ಯಾಹ್ನ

ರೀ,

ಕಾಗದದ ಮೇಲೆ ಹೀಗೆ ಬರೆದರೆ ವಿಚಿತ್ರವಾಗಿ ಕಾಣುತ್ತದೆ, ಗೊತ್ತು. ‘ಪ್ರೀತಿಯ’ ಎಂದು ಶುರು ಮಾಡಿ ನೋಡಿದೆ, ಕೈ ಮುಂದಕ್ಕೆ ಹೋಗಲಿಲ್ಲ. ‘ಮಾನ್ಯರೇ’ ಎಂದರೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ನಿಮ್ಮ ಇಲಾಖೆಗೇ ದೂರು ಬರೆದ ಹಾಗಾಗುತ್ತದೆ. ಇಷ್ಟು ವರ್ಷ ಕರೆದದ್ದು ಹೀಗೇ ಅಲ್ಲವೇ, ಇದೇ ಇರಲಿ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಬಹುದಿತ್ತು. ಆದರೆ ನಮ್ಮ ಫೋನಿನ ಮಾತು ಎಲ್ಲಿಂದ ಶುರುವಾದರೂ ‘ನಾನೆಲ್ಲಿ ಹಾಗಂದೆ’ ಎನ್ನುವಲ್ಲಿಗೇ ಹೋಗಿ ನಿಲ್ಲುತ್ತದೆ. ಜಗಳಕ್ಕೂ ಈಗ ನನ್ನಲ್ಲಿ ತ್ರಾಣವಿಲ್ಲ. ಒಂದು ಕೆಲಸ ಆಗಬೇಕಿದೆ, ಅದು ನಿಮ್ಮಿಂದಲೇ ಆಗಬೇಕು. ಮೊದಲೇ ಹೇಳಿಬಿಡುತ್ತೇನೆ: ಬರುವ ಗುರುವಾರ ನೀವು ಗ್ರಾಹಕರ ಕೋರ್ಟಿಗೆ ಬರಬೇಕು. ಬಂದು ನಿಜ ಹೇಳಬೇಕು.

ಕಾರು ಕಂಪನಿಯ ಮೇಲೆ ಕೇಸು ಹಾಕುವಾಗ ನಾನು ಕಳಿಸಿದ ಒಪ್ಪಿಗೆ ಪತ್ರಕ್ಕೆ ನೀವು ಓದದೆಯೇ ಸಹಿ ಹಾಕಿದ್ದೀರಿ. ಸಹಿ ಕೆಳಗೆ ಹಾಕುವುದು ಬಿಟ್ಟು ಮೇಲೆ ಕಂಪನಿಯ ಹೆಸರಿನ ಪಕ್ಕ ಹಾಕಿದ್ದಿರಿ, ಅದರಿಂದಲೇ ಗೊತ್ತಾಯಿತು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಬೇಸರ ಮಾಡಿಕೊಳ್ಳದೆ ಓದಿ. ಬೇಸರವಾದರೂ ಓದಿ.

ಕಾರಿನ ಬಣ್ಣ ಆರಿಸಿದವರು ನಾವಿಬ್ಬರೂ. ನಿಮಗೆ ಬಿಳಿ ಬೇಕಿತ್ತು, ನನಗೆ ನೀಲಿ. ಕಾದಾಡಿ ಕಾದಾಡಿ ಕೊನೆಗೆ ಇಬ್ಬರಿಗೂ ಇಷ್ಟವಿಲ್ಲದ ಬೂದು ಬಣ್ಣ ತೆಗೆದುಕೊಂಡೆವು. ಅದು ಮನೆಗೆ ಬರುವ ಹೊತ್ತಿಗೆ ನೀವು ಮನೆಯಲ್ಲಿರಲಿಲ್ಲ, ಪಂಪ್ ಹೌಸಿನ ಹಿಂದಿನ ಆ ಒಂಟಿ ರೂಮಿಗೆ ಪೆಟ್ಟಿಗೆ ಸಾಗಿಸಿಯಾಗಿತ್ತು. ನಿಮ್ಮ ಆಫೀಸಿನ ಸಾಲದಲ್ಲಿ ಕೊಂಡದ್ದರಿಂದ ಗಾಡಿ ನಿಮ್ಮ ಹೆಸರಿಗೆ, ಫೋನ್ ನಂಬರು ನಿಮ್ಮದು. ಓಡಿಸುವವಳು ಮಾತ್ರ ನಾನು. ಮಡಚುವ ಮೇಜು, ಕರೆಂಟು ಕೊಡುವ ಪೆಟ್ಟಿಗೆ, ಕಾಲಿಗೆ ಕಟ್ಟುವ ಮರಳು ಚೀಲ ಇಷ್ಟನ್ನೂ ಹೊತ್ತು ಬಸ್ಸಿನಲ್ಲಿ ಮನೆ ಮನೆಗೆ ಹೋಗಿ ಫಿಸಿಯೋಥೆರಪಿ ಕೊಡಲು ಆಗುವುದಿಲ್ಲ ಎಂದೇ ತಾನೇ ಕಾರು ತೆಗೆದುಕೊಂಡದ್ದು.

ಮೊದಲ ತಿಂಗಳೇ ಅದು ಸಿಗ್ನಲ್ಲಿನಲ್ಲಿ ನಿಂತುಹೋಯಿತು. ಸದ್ದಿಲ್ಲ, ಎಚ್ಚರಿಕೆಯ ಕೆಂಪು ದೀಪವಿಲ್ಲ. ಹಿಂದಿನವರೆಲ್ಲ ಹಾರ್ನ್ ಬಾರಿಸಿ, ಬೈದು, ಸುತ್ತು ಹಾಕಿಕೊಂಡು ಹೋದ ಮೇಲೆ ಏನೂ ಆಗಿಲ್ಲವೆಂಬಂತೆ ತಾನೇ ಶುರುವಾಯಿತು. ಸರ್ವಿಸ್ ಸೆಂಟರಿಗೆ ಕೊಟ್ಟೆ. ಸಾಫ್ಟ್‌ವೇರ್ ಹಳೆಯದಾಗಿತ್ತು, ಹೊಸದು ಹಾಕಿದ್ದೇವೆ ಎಂದರು. ಹೊಸ ಗಾಡಿಯಲ್ಲಿ ಹಳೆಯದು ಹೇಗಿತ್ತು ಎಂದು ಕೇಳಲು ನನಗೆ ಆಗ ತೋಚಲಿಲ್ಲ. ಮತ್ತೆ ನಿಂತಿತು, ಪೆಟ್ರೋಲ್ ಪಂಪು ಬದಲಾಯಿಸಿದರು. ಮತ್ತೆ ನಿಂತಿತು, ಯಾವುದೋ ಸೆನ್ಸರ್. ಆಮೇಲೆ ವೈರಿಂಗ್. ಆಮೇಲೆ, ‘ನೀವು ಹಾಕಿಸೋ ಪೆಟ್ರೋಲೇ ಸರಿ ಇಲ್ಲ ಮೇಡಂ’ ಎಂದರು. ಅಲ್ಲಿನ ಮೀನಿನ ತೊಟ್ಟಿಯ ಎದುರು ಕೂತು ಕೂತು ಆ ಮೀನುಗಳಿಗೂ ನನ್ನ ಗುರುತು ಹತ್ತಿದೆ. ಜ್ವರ ಬಂದ ಮಗು ಡಾಕ್ಟರ ಮುಂದೆ ಹೋದ ಕೂಡಲೇ ಜಿಗಿದಾಡುವಂತೆ ನಮ್ಮ ಗಾಡಿ ಅಲ್ಲಿಗೆ ಹೋದರೆ ಬಹಳ ಸಾಧು. ‘ನಮ್ಮ ಹತ್ರ ಚೆನ್ನಾಗೇ ಓಡ್ತಿದೆಯಲ್ಲ ಮೇಡಂ’ ಎನ್ನುವ ಮಾತು ಕೇಳಿ ಕೇಳಿ ಸಾಕಾಗಿ ಹೋಯಿತು.

ಇದನ್ನೆಲ್ಲ ನಿಮಗೆ ಆಗಲೇ ಯಾಕೆ ಹೇಳಲಿಲ್ಲ? ಹೇಳಿದ್ದರೆ ‘ನೀನು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀಯ’ ಎನ್ನುತ್ತಿದ್ದಿರಿ. ಅನ್ನುತ್ತಿರಲಿಲ್ಲವೋ ಏನೋ. ನಾನು ಅನ್ನಿಸಿಕೊಳ್ಳಲು ತಯಾರಿರಲಿಲ್ಲ, ಅಷ್ಟೇ.

ಕೆಲಸಕ್ಕೆ ಪೆಟ್ಟು ಬಿತ್ತು. ಸೊಂಟ ಮುರಿದುಕೊಂಡ ಆ ರಿಟೈರ್ಡ್ ಮೇಷ್ಟ್ರು ಗೊತ್ತಲ್ಲ, ನಾನು ಬರುವ ಹೊತ್ತಿಗೆ ಸರಿಯಾಗಿ ಶರಟಿನ ಗುಂಡಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಒಂದು ದಿನ ಗಾಡಿ ಕೈಕೊಟ್ಟು ನಾನು ತಡವಾಗಿ ಹೋದಾಗ ಅವರು ತಾವೇ ಎದ್ದು ನಿಲ್ಲಲು ಹೋಗಿ ಬಿದ್ದಿದ್ದರು. ಕಾಯ್ದು ಸಾಕಾಗಿತ್ತಂತೆ. ಪೆಟ್ಟೇನೂ ಆಗಿರಲಿಲ್ಲ. ಆದರೆ ಅವರ ಮಗ ಮರುದಿನ, ‘ನಾಳೆಯಿಂದ ಬರೋದು ಬೇಡ ಮೇಡಂ, ಬೇರೆಯವರನ್ನ ನೋಡಿದೀವಿ’ ಎಂದ. ಗಾಡಿ ಕೆಟ್ಟಿತ್ತು ಎಂದರೆ, ಹೊಸ ಗಾಡಿ ಅಲ್ಲವೇ ಎಂದು ಎಲ್ಲರೂ ಕೇಳುತ್ತಾರೆ.

ಪೆಟ್ರೋಲೇ ಸರಿ ಇಲ್ಲವೆಂದು ಗಾಡಿ ವಾಪಸ್ ಕೊಟ್ಟರಲ್ಲ, ಅದರ ಮರುದಿನವೇ ಮೇಲ್ಸೇತುವೆಯ ಏರಿನಲ್ಲಿ ಎಂಜಿನ್ ಆರಿತು. ಎಂಜಿನ್ ಆರಿದರೆ ಸ್ಟಿಯರಿಂಗ್ ಕಲ್ಲಾಗುತ್ತದೆ, ಬ್ರೇಕ್ ಕೂಡ ಬಿಗಿ. ಗಾಡಿ ಹಿಂದಕ್ಕೆ ಜಾರಿತು. ಎರಡೂ ಕಾಲಿನಿಂದ ಬ್ರೇಕ್ ತುಳಿದು ಹಿಡಿದೆ. ಹಿಂದಿದ್ದ ಬಸ್ಸು ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದ, ಬೈಯಲಿಕ್ಕೇ ಬಂದದ್ದು, ನನ್ನ ಮುಖ ನೋಡಿ ಬೈಯದೆ ನೀರಿನ ಬಾಟಲಿ ಕೊಟ್ಟ. ಕಟ್ಟೆಯ ಮೇಲೆ ಕೂತು ನೀರು ಕುಡಿದೆ, ಅರ್ಧ ಸೀರೆಯ ಮೇಲೆ ಚೆಲ್ಲಿತು. ‘ಮನೆಯವರಿಗೆ ಫೋನ್ ಮಾಡಿ ಮೇಡಂ’ ಎಂದ. ಮಾಡುತ್ತೇನೆ ಎಂದೆ. ಅವತ್ತೇ ಸಂಜೆ ವಕೀಲೆಯ ಹತ್ತಿರ ಹೋದೆ.

ವಕೀಲೆ ನನಗಿಂತ ಚಿಕ್ಕವಳು, ಮಾತು ಖಡಕ್ಕು. ಹೊಸ ಗಾಡಿ ಒಂದೇ ದೋಷಕ್ಕೆ ಪದೇ ಪದೇ ಕೆಟ್ಟರೆ ರಿಪೇರಿ ಮಾಡಿಕೊಡುತ್ತಲೇ ಇರುತ್ತೇವೆ ಎಂದು ಕಂಪನಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ಬೇರೆ ಗಾಡಿ ಕೊಡಿ ಇಲ್ಲವೇ ದುಡ್ಡು ವಾಪಸ್ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ ಎಂದಳು. ಹಕ್ಕು ಎನ್ನುವ ಮಾತನ್ನು ನನ್ನ ವಿಷಯಕ್ಕೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಪ್ರತಿಸಲದ ರಿಪೇರಿ ಬರೆದ ಸರ್ವಿಸ್ ಸೆಂಟರಿನ ಜಾಬ್ ಕಾರ್ಡುಗಳನ್ನೆಲ್ಲ ಜೋಡಿಸಿದಳು. ಕೇಸು ಗಟ್ಟಿಯಾಗಿದೆ, ಹೆದರಬೇಡಿ ಎಂದಳು. ಕಂಪನಿಯವರು ವಾರಂಟಿ ಇನ್ನೊಂದು ವರ್ಷ ಹೆಚ್ಚಿಸುತ್ತೇವೆ, ಕೇಸು ವಾಪಸ್ ತೆಗೆದುಕೊಳ್ಳಿ ಎಂದು ದುಂಬಾಲು ಬಿದ್ದರು. ಇನ್ನೊಂದು ವರ್ಷ ಆ ಮೀನುಗಳ ಮುಖ ನೋಡಲಾರೆ ಎಂದೆ.

ಮೊನ್ನೆ ವಿಚಾರಣೆ ಇತ್ತು. ಮಹಡಿಯ ಮೇಲಿನ ಉದ್ದನೆಯ ಹಾಲ್, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಫ್ರಿಜ್ಜು ಕೆಟ್ಟವರು, ಫ್ಲಾಟು ಸಿಗದವರು, ಎಲ್ಲರೂ ತಂತಮ್ಮ ಕವರು ಹಿಡಿದು ಕೂತಿದ್ದರು. ನಮ್ಮ ಸರದಿ ಬಂತು. ಕಂಪನಿಯ ವಕೀಲ ಎದ್ದು, ಗಾಡಿಯ ಮಾಲೀಕರೇ ಪ್ರತಿಸಲ ಸರ್ವಿಸ್ ಆದ ಮೇಲೆ ಏನು ಹೇಳಿದ್ದಾರೆಂದು ಕೇಳಿಸುತ್ತೇನೆ ಎಂದು ಲ್ಯಾಪ್‌ಟಾಪ್ ತೆರೆದ. ಮಾಲೀಕರು ಎಂದರೆ ಯಾರಪ್ಪಾ ಎಂದು ಒಂದು ಗಳಿಗೆ ನನಗೆ ಹೊಳೆಯಲೇ ಇಲ್ಲ.

ಹಾಲ್ ತುಂಬ ನಿಮ್ಮ ಧ್ವನಿ.

ಕಂಪನಿಯಿಂದ ಫೋನ್ ಮಾಡಿದ ಒಬ್ಬಳು ಹುಡುಗಿ ಕೇಳುತ್ತಾಳೆ, ಸರ್ವಿಸ್ ಹೇಗಿತ್ತು ಸರ್ ಎಂದು. ನೀವು, ‘ಚೆನ್ನಾಗಿತ್ತಮ್ಮಾ.’ ಹತ್ತಕ್ಕೆ ಎಷ್ಟು ಕೊಡ್ತೀರಾ ಸರ್? ‘ಹತ್ತೇ ಹಾಕ್ಕೋ, ಅದಕ್ಕೇನಂತೆ.’ ಮತ್ತೊಂದು ಸಲ, ಮತ್ತೆ ಹತ್ತು. ಅಷ್ಟೂ ಸಲ ಹತ್ತಕ್ಕೆ ಹತ್ತು. ನೀವು ಓದುವಾಗ ಯಾವ ಪರೀಕ್ಷೆಯಲ್ಲೂ ತೆಗೆಯದ ಮಾರ್ಕು. ಕೊನೆಯದರಲ್ಲಿ ಅವಳು ಗಾಡಿ ಯಾರು ಓಡಿಸ್ತಾರೆ ಎಂದು ಕೇಳಿದಳು. ನೀವು ಹೇಳಿದ್ದು ನನಗೆ ಬಾಯಿಪಾಠವಾಗಿದೆ: ‘ನಮ್ಮನೆಯವ್ರೇ ಓಡಿಸ್ತಾರೆ. ತುಂಬ ಖುಷಿಯಾಗಿದಾರೆ. ನಿನ್ನೆ ಕೂಡ ನನ್ನ ಕೂರಿಸ್ಕೊಂಡು ಊರಾಚೆವರೆಗೂ ಹೋಗಿದ್ರು. ಕಿಟಕಿ ಇಳಿಸ್ಕೊಂಡು, ಹಾಡು ಹಾಕ್ಕೊಂಡು. ಬರೋದೇ ಬೇಡ ಅನ್ನಿಸ್ತು.’

ಆ ‘ನಿನ್ನೆ’ ನಾನು ಎಲ್ಲಿದ್ದೆ ಗೊತ್ತೇ? ಮೇಲ್ಸೇತುವೆಯ ಕಟ್ಟೆಯ ಮೇಲೆ.

‘ಗಂಡನಿಂದ ಹತ್ತಕ್ಕೆ ಹತ್ತು, ಹೆಂಡತಿಯಿಂದ ಕೇಸು’ ಎಂದ ಆ ವಕೀಲ. ಫ್ರಿಜ್ಜಿನವರು, ಫ್ಲಾಟಿನವರು ಎಲ್ಲ ನಕ್ಕರು. ಪೀಠದ ಮೇಲಿದ್ದ ಅಧ್ಯಕ್ಷರು ನನ್ನನ್ನೂ ಒಂದೆರಡು ಮಾತು ಕೇಳಿದರು, ನಾನೂ ಏನೋ ಹೇಳಿ ಕೂತೆ. ಮಾಲೀಕರೇ ಖುದ್ದು ಬಂದು ಹೇಳಿಕೆ ಕೊಡಲಿ ಎಂದು ಗುರುವಾರಕ್ಕೆ ಮುಂದೂಡಿದರು.

ನನಗೆ ಮೈ ಉರಿದುಹೋಯಿತು. ಸುಳ್ಳು ಹೇಳುವುದಿಲ್ಲ, ಅವತ್ತು ನೀವು ಎದುರಿಗಿದ್ದಿದ್ದರೆ ಮರಳು ಚೀಲದಲ್ಲೇ ಬಾರಿಸುತ್ತಿದ್ದೆ. ನಾನು ಸಾಯುವುದು ಒಂದು ಗೇಣಿನಲ್ಲಿ ತಪ್ಪಿದೆ, ಈ ಮನುಷ್ಯ ರೂಮಿನಲ್ಲಿ ಕೂತು ಹಾಡು ಕೇಳಿಸಿಕೊಂಡು ಬಂದೆನೆಂದು ಯಾರಿಗೋ ಕಥೆ ಹೊಡೆಯುತ್ತಿದ್ದಾನೆ ಎನ್ನಿಸಿತು. ವಕೀಲೆ ಆ ಕರೆಗಳ ಪ್ರತಿಯನ್ನು ನನ್ನ ಫೋನಿಗೆ ಹಾಕಿಕೊಟ್ಟಳು, ಕೇಸಿಗೆ ಬೇಕಾಗುತ್ತದೆಂದು. ಕೇಸಿಗೆ ಬೇಕಾದದ್ದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಮನೆಯಲ್ಲಿದ್ದ ಕೊನೆಯ ವರ್ಷ ನೀವು ನನ್ನ ಹತ್ತಿರ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಊಟಕ್ಕೆ ಕೂತರೆ ಉಪ್ಪು ಕೇಳಲೂ ಬೇಜಾರು ನಿಮಗೆ, ಕೈ ಚಾಚಿ ತೆಗೆದುಕೊಳ್ಳುತ್ತಿದ್ದಿರಿ. ಅಷ್ಟೆಲ್ಲ ಮಾತು ನಿಮ್ಮೊಳಗೆ ಇತ್ತೆಂದು ನನಗೆ ಗೊತ್ತಿದ್ದರೆ ಚೆನ್ನಾಗಿತ್ತು.

ಯಾಕೆ ಹಾಗೆ ಹೇಳಿದಿರಿ ಎಂದು ಕೇಳುವುದಿಲ್ಲ. ‘ನಂಗೊತ್ತಿಲ್ಲಮ್ಮಾ, ನಾವು ಬೇರೆ ಬೇರೆ ಇದೀವಿ, ಆ ಗಾಡಿ ನಾನು ನೋಡೂ ಇಲ್ಲ’ ಎಂದು ಯಾರೋ ಹುಡುಗಿಗೆ ಹೇಳುವುದು ಸುಲಭವಲ್ಲ. ನಾವು ಯಾರಿಗೆ ತಾನೇ ಹೇಳಿದ್ದೇವೆ? ನಿಮ್ಮಮ್ಮ ಈಗಲೂ ಫೋನ್ ಮಾಡಿ, ‘ಅವನಿಗಿನ್ನೂ ರಾತ್ರಿ ಪಾಳಿ ಮುಗೀಲಿಲ್ವೇನೇ?’ ಎಂದು ಕೇಳುತ್ತಾರೆ. ಇಲ್ಲ ಅತ್ತೆ ಎನ್ನುತ್ತೇನೆ. ವರ್ಷದ ಮೇಲಾಯಿತು, ಯಾವ ಪಂಪ್ ಹೌಸಿನಲ್ಲಿ ಇಷ್ಟುದ್ದ ರಾತ್ರಿ ಪಾಳಿ ಇರುತ್ತದೆ ಎಂದು ಅವರು ಕೇಳಿಲ್ಲ. ಬಹುಶಃ ಕೇಳಬಾರದೆಂದು ಅವರಿಗೂ ಗೊತ್ತಿದೆ.

ಈಗ ಆ ಹಾಲ್‌ನಲ್ಲಿ, ಅಷ್ಟು ಜನರ ಮುಂದೆ, ಪ್ರಮಾಣ ಮಾಡಿ ಅದನ್ನು ಹೇಳಬೇಕು. ನಾನು ಹೆಂಡತಿಯಿಂದ ಬೇರೆ ಇದ್ದೇನೆ, ಗಾಡಿಯನ್ನು ಒಮ್ಮೆಯೂ ನೋಡಿಲ್ಲ, ಆ ಹತ್ತುಗಳಲ್ಲಿ ಒಂದೂ ನಿಜವಲ್ಲ ಎಂದು. ಅದನ್ನು ಬರೆದುಕೊಳ್ಳುತ್ತಾರೆ. ನಿಮಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ನೀವು ಬರದಿದ್ದರೆ ಕೇಸು ಬಿದ್ದುಹೋಗುತ್ತದೆ ಎನ್ನುತ್ತಾಳೆ ವಕೀಲೆ. ಬಿದ್ದುಹೋದರೆ ನಾನು ಇದೇ ಗಾಡಿಯಲ್ಲಿ ಓಡಾಡಬೇಕು, ಹಿಂದಿನ ಬಸ್ಸಿನವನು ಪ್ರತಿಸಲವೂ ಬ್ರೇಕ್ ಹಾಕುತ್ತಾನೆಂದು ನಂಬಿಕೊಂಡು. ಮಾರೋಣವೆಂದರೆ, ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ತಲೆಗೆ ಕಟ್ಟಲು ನನ್ನಿಂದಾಗದು.

ನಿಮ್ಮ ಮೇಲೆ ಸಿಟ್ಟು ಇಲ್ಲವೆಂದಲ್ಲ. ಇದೆ. ಆದರೆ ಅದನ್ನು ಹೊತ್ತು ತಿರುಗುವುದಕ್ಕೂ ಆಯಾಸ. ಬೇರೆಯವರ ಬೆನ್ನು ನೀವಿ ನೀವಿ ನನ್ನದೇ ಬೆನ್ನು ಹಿಡಿದುಕೊಂಡಿದೆ. ನೀವು ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೇ? ಆ ಕರೆಯಲ್ಲಿ ಎರಡು ಸಲ ಕೆಮ್ಮಿದ್ದೀರಿ.

ಗುರುವಾರ ಬೆಳಿಗ್ಗೆ, ಮೆಟ್ಟಿಲಿನ ಹತ್ತಿರ ಇರುತ್ತೇನೆ. ಬನ್ನಿ.

ಸದ್ಯಕ್ಕೆ,
ದೂರುದಾರಳು

ಬರೆಯದೆ ಬಿಟ್ಟದ್ದು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ, ಹರಿದಿದ್ದರೆ ಅದಕ್ಕೇ. ಅಧ್ಯಕ್ಷರು ಒಂದೆರಡು ಮಾತು ಕೇಳಿದರು ಎಂದೆನಲ್ಲ. ಅವರು ಕೇಳಿದ್ದು, ‘ಏನಮ್ಮಾ, ನಿಮ್ಮ ಯಜಮಾನ್ರು ಹೀಗ್ಯಾಕೆ ಹೇಳಿದ್ರು? ಮನೇಲಿ ನೀವು ಅವರಿಗೆ ಹೇಳಿರ್ಲಿಲ್ವಾ?’ ಎಂದು. ವಕೀಲೆ ಪಕ್ಕದಿಂದ ಮೊಣಕೈಯಲ್ಲಿ ತಿವಿದಳು, ಬೇರೆ ಬೇರೆ ಇದ್ದೇವೆಂದು ಹೇಳಿಬಿಡಿ ಎಂದು. ನಾನು ಎದ್ದು ನಿಂತು ಹೇಳಿದ್ದು ಇದು: ‘ಹೇಳಿದ್ದೆ ಸಾರ್. ಇವರು ಪೇಪರ್ ಹಿಡಿದು ಕೂತ್ರೆ ನನ್ನ ಮಾತು ಕಿವಿಗೇ ಬೀಳಲ್ಲ. ಇವತ್ತೂ ಬರ್ತೀನಿ ಅಂದಿದ್ರು. ನಾನೇ ಶರಟು ಇಸ್ತ್ರಿ ಮಾಡಿ ಕುರ್ಚಿ ಮೇಲೆ ಇಟ್ಟಿದ್ದೆ. ಮರೆತು ಕೆಲಸಕ್ಕೆ ಹೋಗ್ಬಿಟ್ಟಿದಾರೆ.’ ಅಧ್ಯಕ್ಷರು ನಕ್ಕರು, ಬರೆದುಕೊಂಡರು. ಹೊರಗೆ ಬಂದ ಮೇಲೆ ವಕೀಲೆ ಚೆನ್ನಾಗಿ ಬೈದಳು. ಹೇಳಿಕೆ ತಿದ್ದಿಕೊಳ್ಳಬಹುದಂತೆ, ಆದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನಿಂತು ಒಂದೇ ಮಾತು ಹೇಳಬೇಕಂತೆ. ಗುರುವಾರಕ್ಕೆ ಮುಂಚೆ ಒಂದು ಸಲ ಮನೆಗೆ ಬನ್ನಿ. ಆ ಮಾತು ಯಾವುದು ಎಂದು ಕೂತು ತೀರ್ಮಾನ ಮಾಡೋಣ.