ದೂರ ಹೊರಟಿರಾ?

ಆಗಸ್ಟ್ 18, ಸೋಮವಾರ

ಮತ್ತೆ ಕರೆಂಟ್ ಇಲ್ಲ. ಇನ್ವರ್ಟರ್ ಮೇಲೆ ಶಿಫ್ಟ್ ಮುಗಿಸಿದೆ. ಇವತ್ತೂ ಅದೇ ರಾಗ, ಅದೇ ಹಾಡು. ಏರ್‌ಪೋರ್ಟಿನಿಂದ ಸ್ಟಾಕ್‌ಹೋಮ್ ಊರೊಳಗೆ ಹೇಗೆ ಹೋಗುವುದು? ಬೇಗ ಬೇಕಾದರೆ ಎಕ್ಸ್‌ಪ್ರೆಸ್ ರೈಲು. ಜೇಬು ನೋಡಿಕೊಳ್ಳುವುದಾದರೆ ಬಸ್ಸು. ಬಸ್ಸಿನಲ್ಲಿ ನೋಟು, ಚಿಲ್ಲರೆ ನಡೆಯುವುದಿಲ್ಲ, ಕಾರ್ಡ್ ಮುಟ್ಟಿಸಿ. ಊರೊಳಗೆ ಒಂದೇ ಟಿಕೆಟ್ಟಿನಲ್ಲಿ ಮೆಟ್ರೋ, ಟ್ರಾಮ್, ಬಸ್ಸು, ದೋಣಿ ಕೂಡ ಆಗುತ್ತದೆ...

ನಾನು ಆ ಊರು ನೋಡಿಲ್ಲ. ನಾನಿರುವುದು ಸಾಗರದಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿ ಮೇಲೆ. ಆ ಊರಿಗೆ ಹೋದವರಿಗೆ ದಾರಿ ಹೇಳುವ ಚಾಟ್‌ನಲ್ಲಿ ನನ್ನ ಹೆಸರು ಎಮ್ಮಾ. ಸ್ಟಾಕ್‌ಹೋಮ್ ತಂಡದವಳು. ಕಂಪನಿಯವರು ಕೊಟ್ಟ ಹೆಸರು, ಕೊಟ್ಟ ಊರು. ಕುಮುದಾ ಎಂದು ಯಾರಾದರೂ ಕರೆದು ಎಷ್ಟು ದಿನವಾಯಿತೋ. ಕೆಳಗೆ ಅಂಗಡಿಯವರಿಗೆ ನಾನು 'ಮೇಲಿನವರು'.

ಅನ್ನ, ನಿನ್ನೆಯ ಸಾರು. ಮಲಗಬೇಕು.

ಆಗಸ್ಟ್ 21, ಗುರುವಾರ

ಇವತ್ತು ಒಬ್ಬಳೇ ಜೋರಾಗಿ ನಕ್ಕೆ. ಬರೆದಿಡಬೇಕು.

ಮಧ್ಯಾಹ್ನ ಒಂದು ಚಾಟ್ ಬಂತು. ತಡವರಿಸುವ ಇಂಗ್ಲಿಷು. "ಮನೆ ಹೊರಗೆ ನಿಂತಿದ್ದೇನೆ ಮೇಡಂ. ಹೇಗೆ ಹೋಗುವುದು?" ನನ್ನ ಮೊದಲ ಸಾಲು ಯಾವಾಗಲೂ ಒಂದೇ, ಕಂಪನಿ ಬರೆದುಕೊಟ್ಟದ್ದು: ನೀವು ಎಲ್ಲಿಗೆ ಹೋಗಬೇಕು? ಮತ್ತೆ ಕೇಳಿದೆ. ಆಮೇಲೆ ಬಂತು: "ದಯವಿಟ್ಟು ಎಲ್ಲಿಗೆ ಅಂತ ಕೇಳಬೇಡಿ. ಆಗಲೇ ಚಪ್ಪಲಿ ಹಾಕಿ ಆಗಿದೆ."

ಜೋರಾಗಿ ನಗು ಬಂತು. ನಮ್ಮವರು! ಹೊರಟು ನಿಂತವರನ್ನು ಎಲ್ಲಿಗೆ ಎಂದರೆ ಹೋದ ಕೆಲಸ ಕೆಟ್ಟಿತು ಎಂದೇ ಲೆಕ್ಕ. ನಾನು ಚಿಕ್ಕವಳಿದ್ದಾಗ ಹಾಗೆ ಕೇಳಿಬಿಟ್ಟರೆ ಹೊರಟಿದ್ದ ಅಪ್ಪ ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದ. ಅಮ್ಮ ಮಾತ್ರ ಸರಿಯಾಗಿ ಕೇಳುತ್ತಿದ್ದಳು. "ದೂರ ಹೊರಟ್ಯಾ?" ಅಷ್ಟೇ. ಹೇಳಬೇಕೆನಿಸಿದರೆ ಹೇಳು, ಇಲ್ಲದಿದ್ದರೆ ಬಿಡು.

ಬರೆದುಕೊಟ್ಟ ಸಾಲು ಬಿಟ್ಟು ಟೈಪ್ ಮಾಡಿದೆ: ದೂರವೇ?

ತಕ್ಷಣ ಬಂತು: "ದೂರ ಇಲ್ಲ. ನೀರಿನ ಹತ್ತಿರ."

ಬಸ್ಸಿನಲ್ಲಿ ಸ್ಲುಸ್ಸೆನ್‌ಗೆ ಹೋಗಿ, ಅಲ್ಲಿಂದ ಯೂರ್‌ಗಾರ್ಡೆನ್ ದ್ವೀಪಕ್ಕೆ ಹೋಗುವ ದೋಣಿ. ಬಸ್ಸಿನ ಟಿಕೆಟ್ಟೇ ಸಾಕು, ಬೇರೆ ತೆಗೆಯಬೇಡಿ ಎಂದೆ. ಕೊನೆಗೆ ಹೆಸರು ಬರೆದರು— ಜಲಜಾಕ್ಷಿ.

ಸೆಪ್ಟೆಂಬರ್ 2, ಮಂಗಳವಾರ

ಜಲಜಾಕ್ಷಮ್ಮ ದಿನಾ ಬರುತ್ತಾರೆ. ಮಗಳು ವಿಭಾಳ ಬಾಣಂತನಕ್ಕೆ ಹೋದವರು. ಮಗು ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಇವರಿಗೆ ಬಿಡುವು. ಬಸ್ಸು, ದೋಣಿ, ಆಚೆ ದಡ, ಅದೇ ದೋಣಿಯಲ್ಲಿ ವಾಪಸ್. ದಾರಿ ಬಾಯಿಪಾಠ ಆಗಿದೆ. ಆದರೂ ಹೊರಡುವ ಮೊದಲು ಎಮ್ಮಾಳನ್ನು ಕೇಳಲೇಬೇಕು. ಎಮ್ಮಾ "ದೂರವೇ?" ಎನ್ನಲೇಬೇಕು.

ಇವತ್ತಿನ ವರದಿ: ದೋಣಿಯಲ್ಲಿ ಎದುರು ಕೂತ ಹೆಂಗಸಿಗೆ ಚಕ್ಕುಲಿ ಕೊಟ್ಟರಂತೆ. ಆಕೆ ಎದ್ದು ಬೇರೆ ಸೀಟಿಗೆ ಹೋದಳಂತೆ. "ಇಲ್ಲಿ ಎಲ್ಲ ಒಳ್ಳೆಯವರು. ಆದರೆ ಯಾರೂ ಯಾರಿಗೂ ಬೇಡ" ಎಂದು ಬರೆದರು.

ಸಾಗರದಲ್ಲೂ ಹಾಗೆಯೇ ಇರಬಹುದು ಜಲಜಾಕ್ಷಮ್ಮ ಎಂದು ಬರೆಯಬೇಕೆನಿಸಿತು. ಬರೆಯಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಇವತ್ತು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರು. ಹಾಗೇ ಇಳಿಸಿಕೊಂಡಿದ್ದೇನೆ.

"ಎಮ್ಮಾ, ಈ ದೋಣಿ ನಮ್ಮ ಹಸಿರುಮಕ್ಕಿ ಲಾಂಚ್ ಇದ್ದಂಗೇ ಇದೆ. ನಮ್ದ್ರಲ್ಲಿ ಜೀಪು, ಬೈಕು ಎಲ್ಲ ಬತ್ತವೆ, ಇಲ್ಲಿ ಬರೀ ಜನ. ನಮ್ಮನೆ ಲಾಂಚಿನ ಆಚೆ ದಡ, ನಿಟ್ಟೂರು ಕಡೆ. ನೀವೂ ನಮ್ಮ ಕಡೆಯವ್ರೇ. ನಂಗೆ ಗೊತ್ತು. ನಿಮಗೆ ಎಮ್ಮಾ ಅಂತ ಹೆಸರಿಟ್ಟೋರು ಯಾರು ಮಾರಾಯ್ರೆ?"

ಹಸಿರುಮಕ್ಕಿ! ಇಲ್ಲಿಂದ ಒಂದು ಬಸ್ಸು ಹತ್ತಿದರೆ ಲಾಂಚಿನ ದಡ. ಅವರ ಹೊಸನಗರ ತಾಲೂಕು ಆ ಹಿನ್ನೀರಿನ ಆಚೆ. ಇಷ್ಟು ಹತ್ತಿರದವರು ಭೂಮಿಯ ಆ ತುದಿ ಸುತ್ತಿ ನನ್ನನ್ನು ಮಾತಾಡಿಸುತ್ತಿದ್ದಾರೆ.

ಬೆರಳು ಬರೆದದ್ದು ಮಾತ್ರ ಕಂಪನಿಯ ಸಾಲು: ನಾನು ಸ್ಟಾಕ್‌ಹೋಮ್ ತಂಡದ ಎಮ್ಮಾ. ಇಂಗ್ಲಿಷಿನಲ್ಲಿ ಬರೆದರೆ ಸಹಾಯ ಮಾಡಬಲ್ಲೆ.

"ಆಯ್ತು ತಂಗಿ" ಎಂದರು.

ಸೆಪ್ಟೆಂಬರ್ 26, ಶುಕ್ರವಾರ

ಅಶ್ವಿನ್ ಕಾಲ್ ಮಾಡಿದ್ದ. ಬೆಂಗಳೂರಿನಲ್ಲಿ ಕೂತು ನಮ್ಮೆಲ್ಲರ ಚಾಟ್ ಓದುವ ಟೀಮ್ ಲೀಡ್. ನನಗಿಂತ ಹತ್ತು ವರ್ಷ ಚಿಕ್ಕವನು.

"ಮ್ಯಾಮ್, ಅದೇ ಕಸ್ಟಮರ್, ಅದೇ ಫೆರ್‍ರಿ, ದಿನಾ. ಏನಿದು?"

"ಅವರಿಗೆ ದಾರಿ ಮರೆತುಹೋಗುತ್ತೆ" ಎಂದೆ.

"ಮ್ಯಾಮ್, ಫ್ರೆಂಡ್‌ಶಿಪ್ ಮಾಡೋಕಲ್ಲ ಚಾಟ್ ಇರೋದು. ಸ್ಕ್ರಿಪ್ಟ್ ಬಿಟ್ಟು ಒಂದು ಲೈನ್ ಕೂಡ ಬೇಡ. ಇನ್ನೊಂದ್ಸಲ ಆದ್ರೆ ನಾನು ಏನೂ ಮಾಡೋಕಾಗಲ್ಲ, ಪ್ಲೀಸ್."

ಕೆಟ್ಟವನಲ್ಲ. ಪ್ಲೀಸ್ ಎಂದಾಗ ಅವನ ದನಿಯೂ ಸಣ್ಣಗಾಗಿತ್ತು. ಈ ಕೆಲಸ ಹೋದರೆ ಸಾಗರದಲ್ಲಿ ನನಗೆ ಇನ್ನಾವ ಕೆಲಸ? ಸರಿ ಎಂದೆ.

ನಾಳೆಯಿಂದ "ದೂರವೇ?" ಇಲ್ಲ.

ಅಕ್ಟೋಬರ್ 20, ಸೋಮವಾರ. ನರಕ ಚತುರ್ದಶಿ

ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡೆ. ಬೆನ್ನಿಗೆ ಕೈ ಎಟುಕಲಿಲ್ಲ. ಅಮ್ಮ ಹೋಗಿ ಇದು ಎರಡನೆಯ ದೀಪಾವಳಿ. ಹೋದ ವರ್ಷ ಸೂತಕದ ನೆಪವಾದರೂ ಇತ್ತು, ಹಬ್ಬ ಇಲ್ಲ ಎಂದು ಬಾಗಿಲು ಹಾಕಿಕೊಂಡಿದ್ದೆ. ಈ ಸಲ ಯಾವ ನೆಪವೂ ಇಲ್ಲ. ತುಂಬಾ ಒಂಟಿ ಅನ್ನಿಸಿತು. ಅತ್ತುಬಿಟ್ಟೆ.

ಶಿಫ್ಟ್‌ನಲ್ಲಿ ಮೊದಲ ಚಾಟೇ ಅವರದು. "ದೂರವೇ?" ನಿಂತ ಮೇಲೆ ಬರುವುದನ್ನೇ ಬಿಟ್ಟಿದ್ದವರು, ಮೂರು ವಾರದ ಮೇಲೆ ಬಂದರು. "ಎಣ್ಣೆ ಸ್ನಾನ ಆಯ್ತಾ ತಂಗಿ?"

ಬೆನ್ನೊಂದು ಬಿಟ್ಟು ಎಲ್ಲ ಆಯಿತು ಎನ್ನಬೇಕಿತ್ತು. ಎಮ್ಮಾ ಬರೆದಳು: ಇಂದು ನಿಮ್ಮ ಪ್ರಯಾಣಕ್ಕೆ ಹೇಗೆ ಸಹಾಯ ಮಾಡಲಿ? ನೀವು ಎಲ್ಲಿಗೆ ಹೋಗಬೇಕು?

ಎಲ್ಲಿಗೆ. ಆ ಪದ ನನ್ನ ಬೆರಳಿನಿಂದಲೇ ಹೋಯಿತು. ಅವರು ಚಾಟ್ ಮುಚ್ಚಿದರು. ಇವತ್ತು ಹೊರಗೆ ಹೋದರೋ, ಚಪ್ಪಲಿ ಬಿಚ್ಚಿ ಒಳಗೆ ಹೋದರೋ.

ನವೆಂಬರ್ 5, ಬುಧವಾರ

ಬಂದಿದ್ದರು.

"ವೀಸಾ ಮುಗೀತು. ನಾಳೆ ಊರಿಗೆ. ಅಳಿಯ ಏರ್‌ಪೋರ್ಟಿಗೆ ಬಿಡ್ತಾನೆ, ದಾರಿ ಕೇಳದು ಎಂತದೂ ಇಲ್ಲ. ಹೋಗಿ ಬತ್ತೀನಿ ಅಂತ ಹೇಳೋಕೆ ಬಂದೆ. ಈ ಊರಲ್ಲಿ ಹಂಗೆ ಹೇಳೋಕೆ ನೀವೊಬ್ರೇ ಇದ್ದಿದ್ದು."

'ಹೋಗಿ ಬನ್ನಿ' ಎಂದು ಕನ್ನಡದಲ್ಲಿ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಅಶ್ವಿನ್‌ನ "ಪ್ಲೀಸ್" ನೆನಪಾಯಿತು. ಅಳಿಸಿದೆ.

ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ. ಶುಭ ಪ್ರಯಾಣ. — ಎಮ್ಮಾ.

ಥೂ ನನ್ನ ಜನ್ಮಕ್ಕೆ.

ನವೆಂಬರ್ 19, ಬುಧವಾರ

ಚಾಟ್ ಬಂದಾಗಲೆಲ್ಲ ಹೆಸರು ನೋಡುತ್ತೇನೆ. ಊರಿಗೆ ಬಂದವರು ಸ್ಟಾಕ್‌ಹೋಮಿನ ದೋಣಿ ಯಾಕೆ ಕೇಳುತ್ತಾರೆ. ಹುಚ್ಚು.

ಇವತ್ತು ಒಬ್ಬಾತನಿಗೆ ಮ್ಯೂಸಿಯಂ ದಾರಿ ಹೇಳುತ್ತಿದ್ದೆ. ಟ್ರಾಮ್ ಹತ್ತಿ, ಇಲ್ಲವೆ ದೋಣಿ, ನಡೆದರೂ ಆಗುತ್ತದೆ... ಅಲ್ಲಿ ಯಾರು ಕೇಳಿದರೂ ಮೂರು ದಾರಿ ಹೇಳುತ್ತೇನೆ. ಇಲ್ಲಿ ಒಂದೇ ಬಸ್ಸು, ಒಂದೇ ಲಾಂಚ್. ಹತ್ತಲು ಧೈರ್ಯವಿಲ್ಲ. ಹೋಗಿ ಏನನ್ನಲಿ? ನಿಮ್ಮ ಹಬ್ಬದ ಮಾತಿಗೆ ಉತ್ತರ ಕೊಡದವಳು ನಾನೇ ಎನ್ನಲೇ? ಅವರು ಚಕ್ಕುಲಿ ಕೊಟ್ಟಾಗ ಎದ್ದು ಹೋದ ಹೆಂಗಸಿಗೂ ನನಗೂ ಏನು ವ್ಯತ್ಯಾಸ?

ಭಾನುವಾರ ರಜೆ.

ನವೆಂಬರ್ 23, ಭಾನುವಾರ. ಹಸಿರುಮಕ್ಕಿ, ಲಾಂಚಿನ ದಡ

ಬಂದೆ. ಹೇಗೆ ಬಂದೆನೋ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದೇಬಿಟ್ಟ. ಕಂಡಕ್ಟರ್ ಕೇಳಿದರೆ ದೋಷವಿಲ್ಲ ಎನ್ನುತ್ತಿದ್ದಳು ಅಮ್ಮ. ಆದರೂ ಟಿಕೆಟ್ ತೆಗೆದುಕೊಂಡವಳು ಒಂದು ಗುಟುಕು ನೀರು ಕುಡಿದೆ.

ಲಾಂಚ್ ಆಚೆ ದಡದಲ್ಲಿದೆ. ಇಲ್ಲೊಂದು ಟೀ ಅಂಗಡಿ, ಪುಟ್ಟಪ್ಪ ಎಂಬುವರದು. ಅವರ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಟೀ ಕೊಡುವಾಗ ಕೇಳಿದೆ, ಆಚೆ ದಡದಲ್ಲಿ ಜಲಜಾಕ್ಷಮ್ಮ ಅಂತ... ಮಗಳು ಸ್ವೀಡನ್‌ನಲ್ಲಿ...

"ಓ, ಬಾಣಂತನಕ್ಕೆ ಹೋಗಿ ಬಂದೋರಾ? ಅವ್ರ ಮನೆ ಹುಡುಕ್ಕೊಂಡು ಹೋಗದೇ ಬ್ಯಾಡ ಬಿಡಿ. ಈಗಿನ ಲಾಂಚಿಗೆ ಅವ್ರೇ ಬತ್ತಾರೆ."

"ಸಾಗರಕ್ಕಾ?"

"ಎಲ್ಲಿಗೂ ಇಲ್ಲ! ಬಂದ ಮೇಲೆ ದಿನಾ ಇದೇ ಕೆಲ್ಸ ಅವ್ರದ್ದು. ಲಾಂಚ್ ಹತ್ತದು, ಈ ದಡಕ್ಕೆ ಬರದು, ಇಳೀದೇ ಹಂಗೇ ವಾಪಸ್ ಹೋಗದು. ಎಂತಕ್ಕೆ ಜಲಜಮ್ಮ ಅಂತ ಕೇಳ್ದೆ. ಈಗ ಅಲ್ಲಿ ಮಗು ಮಲಗೋ ಹೊತ್ತು ಕಣೋ ಅಂದ್ರು."

ಪುಟ್ಟಪ್ಪ ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ. ಟೀ ಲೋಟ ಹಿಡಿದು ನೀರಿನ ಕಡೆ ತಿರುಗಿ ಕೂತೆ. ಕಣ್ಣು ಒರೆಸಿಕೊಂಡೆ.

ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂವರೆ. ಅಲ್ಲಿ ಮಧ್ಯಾಹ್ನ. ದಿನಾ ಚಾಟ್ ಬರುತ್ತಿದ್ದ ಹೊತ್ತೇ.

ಲಾಂಚ್ ಆಚೆ ದಡದಿಂದ ಹೊರಟು ಹತ್ತಿರ ಬಂತು. ಒಂದು ಜೀಪು, ನಾಲ್ಕೈದು ಬೈಕು. ಮುಂದೆ ಕಂಬಿ ಹಿಡಿದು ಒಬ್ಬರು, ಸೀರೆಯ ಮೇಲೆ ದಪ್ಪ ಜಾಕೆಟ್, ಈ ಬಿಸಿಲಿಗೆ! ಅವರೇ. ಇನ್ಯಾರು ಹಾಕುತ್ತಾರೆ.

ಅವರು ಇಳಿಯುವುದಿಲ್ಲ. ನಾನೇ ಹತ್ತಬೇಕು. ಎಮ್ಮಾ ಎನ್ನಲೋ, ಕುಮುದಾ ಎನ್ನಲೋ... ತಪ್ಪಾಯಿತು ಎನ್ನಲೋ. ಬೇಡ. ಅದೆಲ್ಲ ನೀರಿನ ನಡುವೆ ಹೇಳಬಹುದು.

ಹಲಗೆ ಇಳಿಸುತ್ತಿದ್ದಾರೆ. ಈ ಕಡೆಯೇ ನೋಡುತ್ತಿದ್ದಾರೆ ಅವರು. ಪಕ್ಕದಲ್ಲಿ ಹೋಗಿ ನಿಲ್ಲುತ್ತೇನೆ. ಒಂದೇ ಮಾತು ಕೇಳುತ್ತೇನೆ, ಸಾಕು. ದೂರ—