ಅವ್ವನ ಮಂಡಿಯ ನೀರು

ಹುಮನಾಬಾದ
ಭಾನುವಾರ, ೧೪ ಡಿಸೆಂಬರ್ ೨೦೨೫

ಪ್ರೀತಿಯ ಅಪ್ಪಾ,

ನಿಮ್ಮ ಸರಿತಾಳ ನಮಸ್ಕಾರ. ಕೆಮ್ಮು ಹೇಗಿದೆ? ಮಗ್ಗದ ಶೆಡ್ಡಿನಲ್ಲಿ ಬಾಯಿ-ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಸಾವಿರ ಸಲ ಹೇಳಿದೆ. ಊರಿಗೆಲ್ಲ ಟವೆಲ್ ನೇಯುವವರಿಗೆ ತಮ್ಮ ಮುಖಕ್ಕೊಂದು ಟವೆಲ್ ಸಿಗುವುದಿಲ್ಲವೇ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕಿ ಇಡೀ ಶೆಡ್ಡಿಗೆ ಕೇಳಿಸುತ್ತೀರಿ, ಇದು ಮನೆಯ ಮಾತು. ಮಹೆಬೂಬಣ್ಣನ ಲಾರಿ ಈಗ ನಿಮ್ಮ ಸೊಲ್ಲಾಪುರಕ್ಕೆ ಹೊರಟಿದೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಅವ್ವನ ಮಂಡಿಯ ವಿಷಯ. ಎಲುಬಿನ ಡಾಕ್ಟರು ಮಂಡಿ ಬದಲಿಸಬೇಕು ಎಂದದ್ದು ನಿಮಗೆ ಗೊತ್ತು. ನಾನೇ ಹಟ ಹಿಡಿದು, ಮೊದಲು ನಾನು ಕೆಲಸ ಮಾಡುವ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಂಡಿಯ ನೀರು ಅಳೆದು ನೋಡೋಣ ಎಂದೆ. ನೀವು ನಕ್ಕಿರಿ, “ನೀರ ಅಳಿಯಾಕ ಎಮ್ಮೆಸ್ಸಿ ಓದಬೇಕೇನವ್ವಾ?” ಎಂದು. ಹೌದಪ್ಪಾ, ಓದಬೇಕು. ಮಂಡಿಯ ಎರಡು ಎಲುಬುಗಳ ನಡುವೆ ಮೆತ್ತೆಯಂಥ ಮೃದು ಎಲುಬಿದೆ, ಅದರಲ್ಲಿ ಮುಕ್ಕಾಲು ಪಾಲು ನೀರೇ. ದೊಡ್ಡ ಅಯಸ್ಕಾಂತದೊಳಗೆ ಆ ನೀರಿನ ಕಣಗಳನ್ನು ಒಮ್ಮೆ ತಟ್ಟಿ ಕದಲಿಸುತ್ತೇವೆ. ಕದಲಿದ್ದು ಮತ್ತೆ ತಣ್ಣಗಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತೇವೆ. ಬೇಗ ತಣ್ಣಗಾದರೆ ನೀರು ಇಕ್ಕಟ್ಟಿನಲ್ಲಿದೆ, ತಡವಾದರೆ ಸಡಿಲವಾಗಿದೆ. ನಿಂತರೆ, ನಡೆದರೆ ಮೆತ್ತೆಯಿಂದ ನೀರು ಹಿಂಡಿ ಹೋಗುತ್ತದೆ. ಮಲಗಿದರೆ ಮತ್ತೆ ತುಂಬುತ್ತದೆ. ಹಾಗಾಗಿ ಒಂದು ತಾಸು ಮಲಗಿಸಿ ಒಮ್ಮೆ ಅಳೆಯಬೇಕು, ಆಮೇಲೆ ಕೂತು-ಏಳುವ ಬೈಠಕ್ ಹೊಡೆಸಿ ಇನ್ನೊಮ್ಮೆ. ಎರಡರ ನಡುವೆ ವ್ಯತ್ಯಾಸ ಬಂದರೆ ಮೆತ್ತೆಗೆ ಇನ್ನೂ ಜೀವವಿದೆ, ಔಷಧ-ವ್ಯಾಯಾಮದಲ್ಲೇ ನೋಡಬಹುದು. ಬರದಿದ್ದರೆ ಆಪರೇಷನ್ನೇ ಗತಿ.

ಬರಲಿಲ್ಲ. ಎರಡು ಸಲವೂ ಅದೇ ಅಂಕಿ. ನಮ್ಮ ಸೆಂಟರಿನ ಡಾಕ್ಟರು ಶಾಯಿಸ್ತಾ ಮೇಡಂ ಚಿತ್ರ ನೋಡಿ, “ನಿಮ್ಮ ಅಮ್ಮಿದು ಮೆತ್ತಿ ನೀರು ಕುಡಿಯೋದೇ ಬಿಟ್ಟದ ನೋಡ್ರಿ” ಎಂದರು. ಮುಂದಿನ ತಿಂಗಳು ಆಪರೇಷನ್ ಎಂದು ಮಾತಾಯಿತು. ಅವ್ವ ಅಳಲಿಲ್ಲ. “ಬ್ಯಾರೆ ಮಂಡಿ ಹಾಕಿದ್ರ ಕುಕ್ಕರಗಾಲಿಲೆ ಕುಂದ್ರಾಕ ಬರಂಗಿಲ್ಲಂತ. ಎಮ್ಮಿ ಯಾರು ಹಿಂಡಬೇಕು, ಕಳೆ ಯಾರು ಕೀಳಬೇಕು?” ಎಂದು ಅದನ್ನೇ ಹತ್ತು ಸಲ ಕೇಳಿದಳು. ಯಂತ್ರವನ್ನು ಬೈದೆ, ನನ್ನನ್ನೇ ಬೈದುಕೊಂಡೆ, ಮತ್ತೆ ಮತ್ತೆ ಲೆಕ್ಕ ಹಾಕಿದೆ. ಎಲ್ಲಿಯೂ ತಪ್ಪು ಸಿಗಲಿಲ್ಲ.

ಮೊನ್ನೆ ಊರಿಗೆ, ಕೊಹಿನೂರಕ್ಕೆ ಹೋಗಿ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ. ಅಷ್ಟು ಹೊತ್ತು ಮಲಗಿಯೂ ನೀರು ತುಂಬಲಿಲ್ಲವಲ್ಲ ಎಂದು ಗೊಣಗಿದೆ. ಅವ್ವ ಏನೂ ಆಗಿಲ್ಲವೆಂಬಂತೆ, “ಎಲ್ಲಿ ಮಲಗೀನೆವ್ವಾ? ಭಾವಾರು, ನಿಮ್ಮ ದೊಡ್ಡಪ್ಪ, ಬಾಗಿಲದಾಗೇ ಕುಂತಿದ್ರು. ಅವರ ಎದುರಿಗಿ ಕಾಲು ಚಾಚಾಕ ನನಗೇನು ಮರ್ಯಾದಿ ಇಲ್ಲೇನು?” ಎಂದಳು. ಮಲಗದಿದ್ದರೆ ಕೂತಾದರೂ ಇರಬಾರದಿತ್ತೇ ಎಂದೆ. “ಭಾವಾರ ಮುಂದ ಮಂಚದ ಮ್ಯಾಲ? ಹುಚ್ಚಿ ಅದಿ ನೀ” ಎಂದು ನನಗೇ ಬೈದಳು. ಅಪ್ಪಾ, ನಾನು ಒಳಗೆ ಯಂತ್ರ ಸಿದ್ಧಮಾಡುತ್ತಿದ್ದಾಗ ಅವ್ವ ಆ ಇಡೀ ತಾಸು ತಲೆಯ ಮೇಲೆ ಸೆರಗು ಹೊದ್ದು ಪರದೆಯ ಹಿಂದೆ ನಿಂತಿದ್ದಳು! ಮಂಚದ ಮೇಲಿನ ಚಾದರಕ್ಕೆ ಒಂದು ಸುಕ್ಕೂ ಬಿದ್ದಿರಲಿಲ್ಲ, ನಾನು ಕುರುಡಿ ಅದನ್ನು ನೋಡಲಿಲ್ಲ. ನಿಂತ ಮಂಡಿಯನ್ನು ಅಳೆದು, ಸತ್ತ ಮಂಡಿ ಎಂದು ಬರೆದುಕೊಂಡೆವು. ಸಿಟ್ಟು ಎಷ್ಟು ಬಂತೆಂದರೆ ಎಣ್ಣೆಯ ಬಟ್ಟಲು ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ ನಿಂತೆ. ಯಾರ ಮೇಲೆ ಸಿಟ್ಟು ಎಂದು ಮಾತ್ರ ಕೇಳಬೇಡಿ.

ದೊಡ್ಡಪ್ಪನ ಮೇಲೆ ಸಿಟ್ಟು ಮಾಡೋಣವೆಂದರೆ, ಅವರೇನು ಮಾಡಿದ್ದಾರೆ? “ತಮ್ಮ ಊರಾಗಿಲ್ಲ, ಆಕಿನ್ನ ಒಬ್ಬಾಕಿನ್ನ ದವಾಖಾನಿಗಿ ಹ್ಯಾಂಗ ಕಳಸಲಿ?” ಎಂದು ಕೆಲಸ ಬಿಟ್ಟು, ಕೊಹಿನೂರದಿಂದ ಬಸವಕಲ್ಯಾಣ, ಅಲ್ಲಿಂದ ಇಲ್ಲಿಗೆ ಎಂದು ಎರಡು ಬಸ್ಸು ಹತ್ತಿಸಿ, ರೊಟ್ಟಿಯ ಗಂಟು ತಾವೇ ಹೊತ್ತು ತಂದವರು. ಶಾಯಿಸ್ತಾ ಮೇಡಂ ಕೈಕಾಲು ಹಿಡಿದು ೨೩ರ ಮಂಗಳವಾರ ಇನ್ನೊಮ್ಮೆ ಅಳೆಯಲು ಒಪ್ಪಿಸಿದ್ದೇನೆ. ಇದೇ ಕೊನೆಯ ಸಲ ಎಂದಿದ್ದಾರೆ. ಗಂಡಸರನ್ನು ಒಳಗೆ ಬಿಡುವುದಿಲ್ಲ ಎಂದು ದೊಡ್ಡಪ್ಪನಿಗೆ ಸುಳ್ಳು ಹೇಳಿದೆ. “ಹೊರಗ ಕಟ್ಟಿ ಮ್ಯಾಲ ಕುಂದರ್ತೀನಿ, ಅದಕ್ಕೇನಾತು?” ಎಂದರು. ಅವರು ಹೊರಗೆ ಕುಳಿತಿದ್ದಾರೆಂದು ಗೊತ್ತಾದರೆ ಒಳಗೆ ಇವಳು ನಿಲ್ಲುತ್ತಾಳೆ. ತಲೆ ಚಚ್ಚಿಕೊಳ್ಳಲು ಗೋಡೆ ಸಾಲದು. ಕೊನೆಗೆ ನೆಲ ನೋಡುತ್ತಾ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, “ನನ್ನಿಂದ ಹಿಂಗಾತೇನವ್ವಾ? ಹಾಂಗಾದ್ರ ನಾ ಬರಂಗಿಲ್ಲ. ನಿಮ್ಮಪ್ಪ ಅಂಬಾದಾಸಗ ಬರಿ, ರಜಾ ಹಾಕಿ ಬರಲಿ. ಹೇಣ್ತಿ ಸಂಗಾಟ ಗಂಡ ಇರಬೇಕು” ಎಂದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಅವರು ಹೇಳಿದಂತೆಯೇ ಬರೆದಿದ್ದೇನೆ.

ಎಮ್ಮೆ ಚೆನ್ನಾಗಿದೆ. ತೊಗರಿ ಕಾಯಿ ಕಟ್ಟಿದೆ. ಅವ್ವ ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಮಂಡಿಯ ಸುದ್ದಿ ಬರೆಯಬೇಡ ಎಂದೂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಮೈ ನೋಡಿಕೊಳ್ಳಿ.

ನಿಮ್ಮ ಮಗಳು
ಸರಿತಾ

ತಾ.ಕ.: ಮಹೆಬೂಬಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಅಪ್ಪಾ, ಮೇಲಿನದು ದೊಡ್ಡಪ್ಪನ ಮಾತು, ಇದು ನನ್ನದು. ಮಂಗಳವಾರ ನೀವು ಬರಬೇಡಿ. ಬುಧವಾರ ಬನ್ನಿ. ಅವ್ವನ ಜೊತೆ ನಾನಿರುತ್ತೇನೆ. ಸಿಟ್ಟಾಗಬೇಡಿ. ನಾನೂ ಎಷ್ಟೋ ನೆನಪು ಮಾಡಿಕೊಂಡು ನೋಡಿದೆ: ನೀವು ಮನೆಯಲ್ಲಿದ್ದಾಗ ನಿಮ್ಮೆದುರಿಗೆ ಅವ್ವ ಸುಮ್ಮನೆ ಕುಳಿತದ್ದನ್ನು ನಾನು ಒಂದು ದಿನವೂ ಕಂಡಿಲ್ಲ.